402 ಎಂಬ ಮನೆ ನೋಂದಣಿಯಲ್ಲಿಲ್ಲ

ಹಾಕ್‌ಮಾರು ಅಪಾರ್ಟ್‌ಮೆಂಟ್, ಮಾಸಾನ್
14 ಮಾರ್ಚ್ 2023

ನಿವಾಸಿಗಳ ಮಂಡಳಿಯ ಅಧ್ಯಕ್ಷರಾದ ಬಾಂಗ್ ಸೊಕ್ಟೆ ಅವರಿಗೆ,

ಮಾರ್ಚ್ ಹತ್ತನೇ ತಾರೀಕು ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಯಿಂದ ನಮ್ಮ ಮೂರನೇ ಕಟ್ಟಡಕ್ಕೆ ನಾಲ್ಕನೇ ಮಹಡಿ ಇಲ್ಲವಾಗಿದೆ. ಇಲ್ಲವಾಗಿಸಿದವರು ನೀವು ಮತ್ತು ನಿಮ್ಮ ಮಂಡಳಿ.

ಕಾವಲುಗಾರ ಹ್ಯೊನ್‌ನ ಗೂಡನ್ನು ಮುಚ್ಚಿ, ಕೆಳಬಾಗಿಲಿಗೆ ಗಾಜಿನ ಕದ ಹಾಕಿ, ಗೋಡೆಗೆ ಕೀಪ್ಯಾಡ್ ಕೂರಿಸಿದ್ದೀರಿ. ಕಟ್ಟಡದವರು ಮನೆಯ ನಂಬರು, ಗಂಟೆಯ ಗುರುತು, ತಮ್ಮ ನಾಲ್ಕು ಅಂಕಿಯ ಪಾಸ್‌ವರ್ಡ್, ಮತ್ತೆ ಗಂಟೆಯ ಗುರುತು ಒತ್ತಿ ಒಳಗೆ ಬರಬೇಕು. ಹೊರಗಿನವರು ಮನೆಯ ನಂಬರು, ಗಂಟೆಯ ಗುರುತು ಒತ್ತಿದರೆ ಸಾಕು. ಆ ಮನೆಯಲ್ಲಿ ಗಂಟೆ ಬಡಿಯುತ್ತದೆ, ಮನೆಯವರು ಮೇಲಿಂದಲೇ ಗುಂಡಿ ಒತ್ತಿ ಬಾಗಿಲು ತೆರೆಯುತ್ತಾರೆ. ನನಗೆ ಯಂತ್ರದ ಮೇಲೆ ದ್ವೇಷವಿಲ್ಲ. ನನ್ನ ಮನೆಯ ಬಾಗಿಲಿಗೇ ಇಪ್ಪತ್ತು ವರ್ಷದಿಂದ ಅಂಕಿಯ ಬೀಗವಿದೆ. ಬೀಗದ ಕೈ ಹೇಗಿರುತ್ತದೆ ಎಂಬುದೇ ಮರೆತುಹೋಗಿದೆ.

ಶುಕ್ರವಾರ ತೋಫು, ಈರುಳ್ಳಿಸೊಪ್ಪು ಹಿಡಿದುಕೊಂಡು ಬಂದು 402 ಒತ್ತಿದೆ. ಒಳಗಿಂದ ಹೆಣ್ಣುದನಿ ಬಹಳ ವಿನಯದಿಂದ ಹೇಳಿತು: "ಈ ಮನೆ ನೋಂದಣಿಯಲ್ಲಿಲ್ಲ." ಯಂತ್ರ ಕೂರಿಸುತ್ತಿದ್ದ ಕೆಲಸಗಾರ ಇನ್ನೂ ಅಲ್ಲೇ ತಿರುಪು ಬಿಗಿಯುತ್ತಿದ್ದ.

"ಯಾವ ಮನೆ ಯಜಮಾನ್ರೇ?"

"ನಾನೂರ ಎರಡು."

"ಲಿಫ್ಟಲ್ಲಿ ನಾಲ್ಕೇ ಇಲ್ವಲ್ಲ?"

"ಎಫ್ ಅಂತ ಇದೆಯಲ್ಲ. ಮೂರರ ಮೇಲೆ, ಐದರ ಕೆಳಗೆ. ಅದೇ ನಾಲ್ಕು."

"ಓ, ಹಾಗಾದ್ರೆ ನೀವು ಹದಿನಾರನೇ ಮಹಡಿ."

"ಏನಪ್ಪಾ, ಈ ಕಟ್ಟಡಕ್ಕಿರೋದೇ ಹದಿನೈದು. ಅದರ ಮೇಲೆ ನೀರಿನ ಟ್ಯಾಂಕ್ ಇದೆ."

"ನನಗೇನ್ ಗೊತ್ತು? ಪಟ್ಟೀಲಿ ಎಫ್ ಅಂತ ಬರೆದು ಕೊಟ್ರು. ಇದರಲ್ಲಿ ಎಫ್ ಎಲ್ಲಿಂದ ತರಲಿ, ಬರೀ ಅಂಕಿ. ಕೇಳಿದ್ದಕ್ಕೆ ಹದಿನಾರು ಅಂತ ಹಾಕು ಅಂದ್ರು. ಮೇಲಿನ ಮಹಡಿ, ಗಾಳಿ ಬೆಳಕು ಚೆನ್ನಾಗಿರುತ್ತೆ ಬಿಡಿ!"

ನಮ್ಮ ಮಾತಿನಲ್ಲಿ ನಾಲ್ಕಕ್ಕೂ ಸಾವಿಗೂ ಒಂದೇ ಉಚ್ಚಾರ, ಅದು ಸಾವಿನ ಅಂಕಿ ಎಂಬ ಅಂಜಿಕೆಯಿಂದ ನಮ್ಮ ಲಿಫ್ಟಿನಲ್ಲೂ ಬಾಗಿಲ ಫಲಕಗಳಲ್ಲೂ 4ರ ಮೇಲೆ ಇಂಗ್ಲಿಷಿನ ಫೋರ್‌ನ ಎಫ್ ಅಂಟಿಸಿ ಮೂವತ್ತು ವರ್ಷ ದಾಟಿದೆ. ಆ ಮೂಢತನವನ್ನು ಹೇಗೋ ಸಹಿಸಿಕೊಂಡಿದ್ದೆವು. ಈಗ ಅದರ ಮೇಲೆ ಇನ್ನೊಂದನ್ನು ಹೇರಿದ್ದೀರಿ. ಸರ್ಕಾರದ ದಾಖಲೆಯಲ್ಲಿ ನನ್ನ ಮನೆ 402. ಬಾಗಿಲ ಮೇಲೆ ಎಫ್ 02. ಕೆಳಗೆ ಗೋಡೆಯ ಮೇಲೆ 1602. ಹೀಗೆ ಮೂರು ಮೂರು ಹೆಸರು ಇರುವುದು ಕಳ್ಳರಿಗೆ ಮಾತ್ರ.

ನಿಮ್ಮ ನಡಾವಳಿ ಓದಿದೆ. ಹನ್ನೊಂದು ಜನ ಸದಸ್ಯರಲ್ಲಿ ಹಾಜರಿದ್ದವರು ಆರು, ಚರ್ಚೆ ಹತ್ತು ನಿಮಿಷ. 1960ರಲ್ಲಿ ಮತಪೆಟ್ಟಿಗೆಯ ಮೋಸ ಸಹಿಸದೆ ಬೀದಿಗಿಳಿದ ಊರು ಇದು. ಆಗ ನನಗೆ ಹನ್ನೊಂದು ವರ್ಷ, ಅಂಗಡಿಯ ಕದದ ಸಂದಿಯಿಂದ ಎಲ್ಲ ನೋಡಿದ್ದೇನೆ. ಅಂಥ ಊರಿನಲ್ಲಿ ಆರು ಜನ ಸೇರಿ ಹತ್ತು ನಿಮಿಷದಲ್ಲಿ ಒಂದು ಮಹಡಿಯನ್ನೇ ಎತ್ತಿ ತಾರಸಿಯ ಮೇಲಿಟ್ಟರು!

402 ಒತ್ತಿದರೆ 402ರಲ್ಲಿ ಗಂಟೆ ಬಡಿಯಬೇಕು. ಅಷ್ಟೇ ಕೇಳುತ್ತಿದ್ದೇನೆ.

ಇಂತು,
ತಾಕ್ ಇನ್‌ಸೊ
ನಿವೃತ್ತ ಇತಿಹಾಸ ಮೇಷ್ಟ್ರು, ಮನೆ 402

*

22 ಮಾರ್ಚ್ 2023

ತಾಕ್ ಮೇಷ್ಟ್ರಿಗೆ,

ತಮ್ಮ ಪತ್ರ ತಲುಪಿದೆ. ನೀವು ನಾಲ್ಕರಲ್ಲಿ, ನಾನು ಹನ್ನೆರಡರಲ್ಲಿ. ಒಂದೇ ಲಿಫ್ಟಿನಲ್ಲಿ ಹತ್ತಿ ಇಳಿಯುವವರು ಅಂಚೆಪೆಟ್ಟಿಗೆಯಲ್ಲಿ ಮಾತಾಡಬೇಕಾಗಿ ಬಂದುದಕ್ಕೆ ವಿಷಾದವಿದೆ. ಆದರೂ ತಾವು ಬರವಣಿಗೆಯನ್ನೇ ಬಯಸಿದ್ದರಿಂದ ಬರೆಯುತ್ತಿದ್ದೇನೆ.

ಮಂಡಳಿ ವಿಷಯವನ್ನು ಪರಿಶೀಲಿಸಿದೆ. ಅಂಕಿ ಬದಲಿಸಬೇಕಾದರೆ ಇಡೀ ಕಟ್ಟಡದ ಅರವತ್ತು ಮನೆಗಳ ನೋಂದಣಿಯನ್ನೂ ಅಳಿಸಿ ಮೊದಲಿಂದ ಮಾಡಬೇಕು ಎಂದು ಯಂತ್ರದವರು ಹೇಳುತ್ತಾರೆ. ಎಲ್ಲರೂ ಮತ್ತೆ ಪಾಸ್‌ವರ್ಡ್ ಕೂರಿಸಿಕೊಳ್ಳಬೇಕಾಗುತ್ತದೆ. ಮೊದಲ ಸಲವೇ ಎಷ್ಟು ಗಲಾಟೆಯಾಯಿತೆಂದು ತಾವು ನೋಡಿದ್ದೀರಿ.

ಇನ್ನೊಂದು ಮಾತು. ತಮ್ಮ ಮಹಡಿಯ ಉಳಿದ ಮೂರೂ ಮನೆಯವರು 4 ಬೇಡ, 16 ಇರಲಿ ಎಂದು ಸಹಿ ಮಾಡಿ ಕೊಟ್ಟಿದ್ದಾರೆ. ಮನೆ ಮಾರುವಾಗ ನಾಲ್ಕು ಎಂದರೆ ಕೊಳ್ಳುವವರ ಮುಖ ಹೇಗಾಗುತ್ತದೆ ಎಂಬುದು ತಮಗೂ ಗೊತ್ತಿಲ್ಲದ್ದಲ್ಲ.

1602 ಎಂದು ನೆನಪಿಟ್ಟುಕೊಂಡರೆ ಆಯಿತು. ಮೇಷ್ಟ್ರ ನೆನಪಿನ ಶಕ್ತಿ ಊರಿಗೇ ಗೊತ್ತು.

ಬಾಂಗ್ ಸೊಕ್ಟೆ
ಅಧ್ಯಕ್ಷ, ನಿವಾಸಿಗಳ ಮಂಡಳಿ

*

11 ಏಪ್ರಿಲ್ 2023

ಅಧ್ಯಕ್ಷರಿಗೆ,

ನನ್ನ ನೆನಪಿನ ಶಕ್ತಿಯ ಬಗ್ಗೆ ಬರೆದಿದ್ದೀರಿ. ನೆನಪಿಟ್ಟುಕೊಳ್ಳಬೇಕಾದವನು ನಾನೊಬ್ಬನೇ ಅಲ್ಲವಲ್ಲ. ನನ್ನ ಮನೆಗೆ ಬರುವವರೆಲ್ಲ ನೆನಪಿಟ್ಟುಕೊಳ್ಳಬೇಕು. ಪಾರ್ಸೆಲ್ ತರುವವನು ಪೆಟ್ಟಿಗೆಯ ಮೇಲಿನ ವಿಳಾಸ ನೋಡಿ 402 ಒತ್ತುತ್ತಾನೆ, ಬೈದುಕೊಂಡು ಹೋಗುತ್ತಾನೆ. ಭಾನುವಾರ ನನ್ನ ನಾದಿನಿ ಕಿಮ್ಚಿ ಉಪ್ಪಿನಕಾಯಿಯ ಡಬ್ಬ ಹೊತ್ತುಕೊಂಡು ಕೆಳಗೆ ಅರ್ಧ ಗಂಟೆ ನಿಂತು, ಕೊನೆಗೆ ನನ್ನ ಹೆಂಡತಿ ಬುನ್‌ಹಿಗೆ ಫೋನು ಮಾಡಿದಳು: "ಏನೇ ಅಕ್ಕಾ, ಬಾಡಿಗೆ ಕಟ್ಟಿಲ್ಲ ಅಂತ ಓಡಿಸಿದ್ರಾ ನಿಮ್ಮನ್ನ? ಅಂಥ ಮನೇನೇ ಇಲ್ಲ ಅಂತಿದೆ ಈ ಯಂತ್ರ!"

ಕೀಪ್ಯಾಡಿನ ಪಕ್ಕ ಪೆನ್ಸಿಲಿನಲ್ಲಿ "402ಕ್ಕೆ 1602 ಒತ್ತಿ" ಎಂದು ಬರೆದೆ. ಮಾರನೇ ದಿನ ಅಳಿಸಿತ್ತು. ಮತ್ತೆ ಬರೆದೆ, ಮತ್ತೆ ಅಳಿಸಿತು. ಮೂರನೆಯ ಸಲ ಕಟ್ಟಡ ಗುಡಿಸುವ ಚೊನ್ ಅಕ್ಕ ಬಕೆಟ್ ಹಿಡಿದು ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

"ಬರೀರಿ ಮೇಷ್ಟ್ರೇ, ಬರೀರಿ. ಒರೆಸೋಕೆ ಆಫೀಸಲ್ಲಿ ಹೇಳಿದ್ದಾರೆ. ನೀವು ಬರೀತಾ ಇರಿ, ನಾನು ಒರೆಸ್ತಾ ಇರ್ತೀನಿ. ಈ ವಯಸ್ಸಲ್ಲಿ ಇಬ್ಬರಿಗೂ ಒಂದು ಕೆಲಸ ಅಂತ ಆಯ್ತು."

ಪ್ರತಿ ಗುರುವಾರ ಸಂಜೆ ಏಳಕ್ಕೆ ಮನೆಮನೆಯ ಸ್ಪೀಕರಿನಲ್ಲಿ ನಿಮ್ಮ ದನಿ ಕೇಳಿಸುತ್ತದೆ. ಪ್ಲಾಸ್ಟಿಕ್ ಬೇರೆ ಇಡಿ, ಬಾಟಲಿ ತೊಳೆದಿಡಿ, ಬಾಲ್ಕನಿಯಲ್ಲಿ ಸಿಗರೇಟು ಸೇದಬೇಡಿ. ನಮ್ಮ ಊಟದ ಮೇಜಿನ ನೆತ್ತಿಯ ಮೇಲೆ ಕೂತು ಇಷ್ಟೆಲ್ಲ ಹೇಳುವ ನೀವು, 402 ಎಂದರೆ 1602 ಎಂದು ಒಂದು ಸಲವೂ ಹೇಳಿಲ್ಲ. ಹೇಳಿದರೆ ಜನ ನಗುತ್ತಾರೆ ಎಂದು ನಿಮಗೂ ಗೊತ್ತು.

ಈಗ ನಗುವ ಮಾತಲ್ಲದ ಒಂದು ಪ್ರಶ್ನೆ. ಬುನ್‌ಹಿಯ ರಕ್ತದೊತ್ತಡದ ವಿಷಯ ನಿಮಗೆ ಗೊತ್ತು. ನಾವು ಒಟ್ಟಿಗೆ ಬೆಟ್ಟ ಹತ್ತುವಾಗ ಅರ್ಧದಲ್ಲಿ ತಲೆ ತಿರುಗಿ ಕೂತಾಗ ಅವಳಿಗೆ ನೀರು ಕುಡಿಸಿದವರು ನೀವೇ. ನಾಳೆ ಆಂಬ್ಯುಲೆನ್ಸ್ ಕರೆಯಬೇಕಾಗಿ ಬಂದರೆ, ಬಂದವರು ಯಾವ ಅಂಕಿ ಒತ್ತಬೇಕು? ಗೂಡಿನಲ್ಲಿ ಹ್ಯೊನ್ ಇದ್ದಿದ್ದರೆ ಓಡಿ ಬಂದು ಬಾಗಿಲು ತೆರೆಯುತ್ತಿದ್ದ. ಅವನನ್ನು ಕಳಿಸಿಬಿಟ್ಟಿರಿ. ಉತ್ತರ ಬರಹದಲ್ಲಿ ಬೇಕು.

ತಾಕ್ ಇನ್‌ಸೊ, ಮನೆ 402

*

18 ಏಪ್ರಿಲ್ 2023

ತಾಕ್ ಮೇಷ್ಟ್ರಿಗೆ,

ತಮ್ಮ ಪ್ರಶ್ನೆಗೆ ಬರಹದಲ್ಲಿ ಉತ್ತರ: ತುರ್ತು ಸೇವೆಯವರಿಗೆಂದೇ ಯಾವ ಬಾಗಿಲನ್ನಾದರೂ ತೆರೆಯುವ ಪ್ರತ್ಯೇಕ ಪಾಸ್‌ವರ್ಡ್ ಇದೆ. ಅದನ್ನೂ, ನಾಲ್ಕನೇ ಮಹಡಿಯ ಬದಲಾದ ಅಂಕಿಗಳನ್ನೂ ಅಗ್ನಿಶಾಮಕ ಠಾಣೆಗೆ ತಿಳಿಸುವ ಪತ್ರ ಇಂದೇ ಹೋಗುತ್ತಿದೆ. ಆತಂಕ ಬೇಡ.

ಗೋಡೆಯ ಮೇಲೆ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ಐನೂರ ಮೂರರವರು ದೂರು ಕೊಟ್ಟಿದ್ದಾರೆ.

ಬಾಂಗ್ ಸೊಕ್ಟೆ, ಅಧ್ಯಕ್ಷ

*

19 ಜೂನ್ 2023

ಅಧ್ಯಕ್ಷರಿಗೆ,

ಜೂನ್ ಎಂಟು, ಗುರುವಾರ. ಬೆಳಿಗ್ಗೆ ಒಂಬತ್ತು ಗಂಟೆಗೆ ನಾನು ಎಂದಿನಂತೆ ಎದುರು ಬೀದಿಯ ಸಾರ್ವಜನಿಕ ಸ್ನಾನದ ಮನೆಗೆ ಹೋಗಿದ್ದೆ. ನನಗೆ ಗೊತ್ತಾದದ್ದೆಲ್ಲ ಆಮೇಲೆ.

ಅಡುಗೆಮನೆಯಲ್ಲಿ ಬುನ್‌ಹಿಯ ಬಲಗೈಯಿಂದ ಸೌಟು ಬಿತ್ತು. ಬಗ್ಗಿ ಎತ್ತಲು ಹೋದಾಗ ಬಲಗಾಲೂ ಬರಲಿಲ್ಲ. ಎಡಗೈಯಲ್ಲಿ ಫೋನು ಒತ್ತಿ ತೊದಲುತ್ತಲೇ ವಿಳಾಸ ಹೇಳಿದಳು: ಹಾಕ್‌ಮಾರು, ಮೂರನೇ ಕಟ್ಟಡ, 402. ಬರುವವರಿಗೆ ಬಾಗಿಲು ತೆರೆದಿಡಬೇಕೆಂದು ನೆಲದ ಮೇಲೆ ಮೈ ಎಳೆದುಕೊಂಡು ಬಂದು, ಮನೆಯ ಬಾಗಿಲು ತೆರೆದು, ಅಲ್ಲೇ ಹೊಸಿಲಲ್ಲಿ ಒರಗಿ, ಗೋಡೆಯ ಗಂಟೆಯನ್ನೇ ನೋಡುತ್ತ ಕೂತಳು. ಗಂಟೆ ಬಡಿದರೆ ಒತ್ತಬೇಕಾದ ಗುಂಡಿ ಅವಳ ಎಡಗೈಗೆ ಎಟಕುತ್ತಿತ್ತು.

ಆಂಬ್ಯುಲೆನ್ಸ್ ಆರು ನಿಮಿಷದಲ್ಲಿ ಬಂತು. ಅವರು 402 ಒತ್ತಿದರು. ಈ ಮನೆ ನೋಂದಣಿಯಲ್ಲಿಲ್ಲ. ಮತ್ತೆ ಒತ್ತಿದರು. ಅವಳಿಗೆ ಫೋನು ಮಾಡಿದರು. ಫೋನು ಅಡುಗೆಮನೆಯ ನೆಲದ ಮೇಲಿತ್ತು. ಆಫೀಸಿಗೆ ಕರೆ ಮಾಡಿದರು. ಮ್ಯಾನೇಜರು ಯಾವುದೋ ತರಬೇತಿಗೆ ಹೋಗಿದ್ದರು. 302 ಒತ್ತಿದರು, ಯಾರೂ ಇಲ್ಲ. 502 ಒತ್ತಿದರು. ಅಲ್ಲಿನ ಹೆಂಗಸು ಧರ್ಮಪ್ರಚಾರದವರೆಂದು ತಿಳಿದು, "ನಮಗೆ ಯಾವ ದೇವರೂ ಬೇಡ, ಹೋಗ್ರೀ" ಎಂದು ಕರೆ ಕತ್ತರಿಸಿದರಂತೆ. ಮತ್ತೆ 402.

ಕೊನೆಗೆ ಬಾಗಿಲು ತೆರೆದವರು ಕಸ ಹಾಕಿ ಬಂದ ಚೊನ್ ಅಕ್ಕ. "ಮೇಷ್ಟ್ರ ಮನೆನಾ? ಅಯ್ಯೋ ನನ್ನ ಕರ್ಮ, ನಾನೇ ಒರೆಸಿಬಿಟ್ನಲ್ಲ!" ಎಂದು ಅಳುತ್ತ ಸ್ಟ್ರೆಚರಿನ ಹಿಂದೆ ಓಡಿದರಂತೆ.

ನಿಮ್ಮ ಯಂತ್ರದ ದಾಖಲೆ ತರಿಸಿ ನೋಡಿದೆ. ಅದಕ್ಕೆ ಎಲ್ಲ ನೆನಪಿದೆ. 9:31ರಿಂದ 9:42ರವರೆಗೆ ಏಳು ಸಲ 402. ಹನ್ನೊಂದು ನಿಮಿಷ. ತಡವಾಗದಿದ್ದರೆ ಕೈ ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. "ಈ ಕಾಯಿಲೆಯಲ್ಲಿ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತೆ ಯಜಮಾನ್ರೇ" ಎಂದರು.

ಬುನ್‌ಹಿ ಬದುಕಿದ್ದಾಳೆ. ಬಲಗೈ ಸ್ವಾಧೀನದಲ್ಲಿಲ್ಲ. ಮಾತು ಬರುತ್ತದೆ, ತಡೆದು ತಡೆದು.

ಏಪ್ರಿಲ್ ಹದಿನೆಂಟರ ನಿಮ್ಮ ಪತ್ರ ನನ್ನ ಮೇಜಿನ ಮೇಲಿದೆ. ಆತಂಕ ಬೇಡ ಎಂದು ಬರೆದಿದ್ದೀರಿ. ಯಾವ ಬಾಗಿಲನ್ನಾದರೂ ತೆರೆಯುವ ಆ ಪಾಸ್‌ವರ್ಡ್ ಅಂದು ಎಲ್ಲಿತ್ತು?

ತಾಕ್ ಇನ್‌ಸೊ

*

27 ಜೂನ್ 2023

ತಾಕ್ ಮೇಷ್ಟ್ರಿಗೆ,

ದುರದೃಷ್ಟದ ಘಟನೆಯ ಬಗ್ಗೆ ಮಂಡಳಿ ತೀವ್ರ ದುಃಖ ವ್ಯಕ್ತಪಡಿಸುತ್ತದೆ. ವಿಷಯವನ್ನು ಮುಂದಿನ ಸಭೆಯ ಮುಂದಿಡಲಾಗುವುದು. ಯಂತ್ರದವರಿಂದ ವಿವರಣೆ ಕೇಳಲಾಗಿದೆ.

ಬಾಂಗ್ ಸೊಕ್ಟೆ, ಅಧ್ಯಕ್ಷ

ಇದರ ಕೆಳಗಿನದು ಮಂಡಳಿಯ ಪರವಾಗಿ ಬರೆದದ್ದಲ್ಲ. ಎರಡು ಸಲ ಆಸ್ಪತ್ರೆಗೆ ಬಂದೆ. ಮೊದಲ ಸಲ ನೀವು ಕಾರಿಡಾರಿನಲ್ಲಿ ನನ್ನನ್ನು ಕಂಡು ಮುಖ ತಿರುಗಿಸಿ ಕಿಟಕಿಯ ಕಡೆ ನಿಂತಿರಿ. ಎರಡನೆಯ ಸಲ ಬುನ್‌ಹಿ ಅತ್ತಿಗೆ ಮಲಗಿದ್ದರು. ಹಣ್ಣಿನ ರಸದ ಪೆಟ್ಟಿಗೆಯನ್ನು ನರ್ಸ್ ಹತ್ತಿರ ಕೊಟ್ಟು ಬಂದೆ. ಮೇಲಿನ ಮೂರು ಸಾಲನ್ನು ಬರೆಸಿದವರು ವಕೀಲರು.

*

21 ಆಗಸ್ಟ್ 2023

ಅಧ್ಯಕ್ಷರಿಗೆ,

ಹಣ್ಣಿನ ರಸದ ಪೆಟ್ಟಿಗೆಯನ್ನು ನಿಮ್ಮ ಬಾಗಿಲ ಮುಂದೆ ಇಟ್ಟಿದ್ದೇನೆ. ಒಂದು ಬಾಟಲಿ ಕಡಿಮೆ ಇದೆ. ನನಗೆ ತಿಳಿಯುವ ಮೊದಲೇ ಬುನ್‌ಹಿ ಕುಡಿದಿದ್ದಳು.

ಅವಳು ಮನೆಗೆ ಬಂದು ಎರಡು ವಾರವಾಯಿತು. ಊರುಗೋಲು ಹಿಡಿದು ನಡೆಯುತ್ತಾಳೆ. ಸಂಜೆ ಕೆಳಗಿನ ಬೆಂಚಿನ ಮೇಲೆ ಉಳಿದ ಹೆಂಗಸರ ಜೊತೆ ಕೂತು, ತನ್ನ ಪಾಡಿಗೆ ಮೇಲೆ ಬರಬೇಕೆನ್ನುವುದೊಂದೇ ಅವಳ ಆಸೆ. ತೋರಿಸಿದರೆ ತೆರೆಯುವ ಬಿಲ್ಲೆ ಬೇಡ, ಮುದುಕರು ಕಳೆದುಕೊಳ್ಳುತ್ತಾರೆ ಎಂದು ತೀರ್ಮಾನಿಸಿದ್ದೂ ನಿಮ್ಮ ಆ ಆರು ಜನವೇ. ಹೀಗಾಗಿ ಅವಳು ಅಂಕಿಯನ್ನೇ ಒತ್ತಬೇಕು.

ಹಳೆಯದೆಲ್ಲ ಅವಳಿಗೆ ನೆನಪಿದೆ, ಹೊಸದು ನಿಲ್ಲುವುದಿಲ್ಲ. ನೂಡಲ್ಸ್ ಪೆಟ್ಟಿಗೆಯ ರಟ್ಟಿನ ಮೇಲೆ ನಾನು ಹನ್ನೆರಡು ಚೌಕ ಬರೆದು ಕೀಪ್ಯಾಡ್ ಮಾಡಿ ಕೊಟ್ಟೆ. ದಿನಾ ಊಟವಾದ ಮೇಲೆ ಅಭ್ಯಾಸ.

"ಹದಿನಾರು ಸೊನ್ನೆ ಎರಡು," ಎನ್ನುತ್ತೇನೆ.

"ಹದಿನಾರು ಸೊನ್ನೆ ಎರಡು," ಎನ್ನುತ್ತಾಳೆ. ಎಡಗೈಯ ಬೆರಳು ಮಾತ್ರ ನೇರವಾಗಿ ನಾಲ್ಕರ ಮೇಲೆ ಹೋಗುತ್ತದೆ.

"ಮೊದಲು ಒಂದು, ಬುನ್‌ಹಿ."

"ಗೊತ್ತು ಕಣ್ರೀ. ನನಗೆ ಗೊತ್ತು. ಬೆರಳಿಗೆ ಗೊತ್ತಿಲ್ಲ."

ಪಾಸ್‌ವರ್ಡ್ ತಪ್ಪುವುದಿಲ್ಲ, ಅದು ಮಗಳು ಹುಟ್ಟಿದ ದಿನ. ತಪ್ಪುವುದು ನೀವು ಕೊಟ್ಟ ಅಂಕಿ ಮಾತ್ರ. ನಿನ್ನೆ ನಾನು ಔಷಧಿ ತರಲು ಹೋಗಿ ಬರುವಷ್ಟರಲ್ಲಿ ಅವಳು ಗಾಜಿನ ಆಚೆ ನಿಂತು 402 ಒತ್ತುತ್ತಿದ್ದಳು. ಮೂರು ಸಲ ತಪ್ಪಿದ್ದಕ್ಕೆ ಯಂತ್ರ ಕೂಗಿಕೊಳ್ಳುತ್ತಿತ್ತು, ಕಳ್ಳಿಯನ್ನು ಹಿಡಿದವರ ಹಾಗೆ.

ನನ್ನ ಬೇಡಿಕೆಗಳನ್ನು ಬರೆದುಕೊಳ್ಳಿ. ಹದಿನಾರು ಎಂದವರು ಯಾರು, ಹೆಸರು ಬೇಕು. ಠಾಣೆಗೆ ಪತ್ರ ಹೋಯಿತೇ, ತಾರೀಕು ಬೇಕು. ಹಾಗೆಯೇ ಇದರ ಬೇರಿಗೂ ಹೋಗೋಣ. ಮೊಟ್ಟಮೊದಲು ಈ ಕಟ್ಟಡದಲ್ಲಿ 4 ಮುಚ್ಚಿ ಎಫ್ ಅಂಟಿಸಿದ ಮಹಾನುಭಾವ ಯಾರು? ಅದಿಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಹಳೆಯ ನಡಾವಳಿ ಪುಸ್ತಕ ತೆಗೆಸಿ, ಆ ಪುಟದ ಪ್ರತಿಯನ್ನು ಲಿಫ್ಟಿನ ಬೋರ್ಡಿಗೆ ಹಾಕಿ. ಜನ ನೋಡಲಿ.

ತಾಕ್ ಇನ್‌ಸೊ, ಮನೆ 402

*

25 ಸೆಪ್ಟೆಂಬರ್ 2023

ಅಣ್ಣಾ,

ಸುಗ್ಗಿಯ ಚುಸೊಕ್ ಹಬ್ಬ ಹತ್ತಿರ ಬಂತು. ಈ ಪತ್ರವನ್ನು ಹಬ್ಬ ಕಳೆದ ಮೇಲೆ ಕೊಡೋಣವೆಂದು ಎರಡು ಸಲ ವಾಪಸ್ಸು ತಂದಿಟ್ಟುಕೊಂಡೆ. ವಕೀಲರಿಗೆ ತೋರಿಸಿಲ್ಲ, ಅದಕ್ಕೇ ಮೊದಲಿನ ಹಾಗೆ ಅಣ್ಣಾ ಎಂದು ಕರೆದಿದ್ದೇನೆ.

ನೀವು ಕೇಳಿದ ಪುಟದ ಪ್ರತಿಯನ್ನು ಒಳಗಿಟ್ಟಿದ್ದೇನೆ. ಬೋರ್ಡಿಗೆ ಹಾಕಿಲ್ಲ. 1991ರ ನವೆಂಬರ್ ಹದಿನಾರು, ಶನಿವಾರ. ವಿಷಯ: ನಾಲ್ಕನೇ ಮಹಡಿಯ ಗುರುತನ್ನು ಎಫ್ ಎಂದು ಬದಲಿಸುವುದು. ಕಾರಣ: "ಕಾಲಕ್ಕೆ ತಕ್ಕ ಹೊಸತನ ಮತ್ತು ಕಟ್ಟಡದ ಘನತೆ." ಮಂಡಿಸಿದವರು: 402, ತಾಕ್ ಇನ್‌ಸೊ. ಅನುಮೋದಿಸಿದವರು: 1203, ಬಾಂಗ್ ಸೊಕ್ಟೆ. ಅಕ್ಷರ ನಿಮ್ಮದೇ, ಆಗ ನೀವೇ ಕಾರ್ಯದರ್ಶಿ.

ಮಾರ್ಚ್ ತಿಂಗಳಲ್ಲಿ ನಿಮ್ಮ ಮೊದಲ ಪತ್ರ ಬಂದ ದಿನವೇ ನಾನು ಈ ಪುಸ್ತಕ ತೆಗೆದಿದ್ದೆ. ಆಗಲೇ ಕಳಿಸಿದ್ದರೆ ನೀವು ಮತ್ತೆ ಬರೆಯುತ್ತಿರಲಿಲ್ಲ. ಕಳಿಸಲಿಲ್ಲ. ಜೂನ್ ಆದ ಮೇಲಂತೂ ಕೈಯೇ ಬರಲಿಲ್ಲ. ವಕೀಲರು ಈ ಪುಟ ನೋಡಿ "ಇದೊಂದಿದ್ದರೆ ಸಾಕು, ಮೇಷ್ಟ್ರ ಬಾಯಿ ಮುಚ್ಚಿಸಬಹುದು" ಎಂದರು. ನಾನು ಪುಸ್ತಕವನ್ನು ಮನೆಗೆ ತಂದಿಟ್ಟುಕೊಂಡೆ.

ಹದಿನಾರು ಎಂದವನು ನಾನೇ. ಕೆಲಸಗಾರ ಫೋನಿನಲ್ಲಿ ಕೇಳಿದ, ಊಟ ಮಾಡುತ್ತಿದ್ದೆ, ನಿಮ್ಮ ಮಹಡಿಯವರು ನಾಲ್ಕು ಬೇಡ ಎಂದದ್ದು ನೆನಪಿತ್ತು, ಬಾಯಿಗೆ ಬಂದದ್ದು ಹೇಳಿದೆ. ಸಭೆ ಆಮೇಲೆ ನಡೆದದ್ದು.

ಠಾಣೆಗೆ ಪತ್ರ ಹೋಗಿದೆ. ಅದರ ಮೇಲೆ ತಾರೀಕು ಏಪ್ರಿಲ್ ಹದಿನೆಂಟು ಎಂದೇ ಇದೆ.

ಅಣ್ಣಾ, ಇಷ್ಟಕ್ಕೇ ಬಿಡೋಣ. ಇಬ್ಬರ ಹೆಸರೂ ಆ ಪುಟದಲ್ಲಿದೆ. ಹಬ್ಬಕ್ಕೆ ನಮ್ಮ ಮನೆಯಲ್ಲಿ ಸಿಹಿ ಕಡುಬು ಮಾಡಿದಾಗ ಅತ್ತಿಗೆಗೆ ಕಳಿಸುತ್ತೇನೆ. ವಾಪಸ್ಸು ಕಳಿಸಬೇಡಿ.

ಸೊಕ್ಟೆ

*

9 ಅಕ್ಟೋಬರ್ 2023

ಸೊಕ್ಟೆ ತಮ್ಮನಿಗೆ,

ಇವತ್ತು ನಮ್ಮ ಅಕ್ಷರಗಳ ಹಬ್ಬ, ರಜೆ. ಅದಕ್ಕೇ ಎಡಗೈಯಲ್ಲಿ ಬರೆಯೋಣ ಅಂತ ಕೂತೆ. ಸೊಟ್ಟ ಇದ್ದರೆ ನಗಬೇಡ. ಬೆಳಿಗ್ಗೆ ಶುರು ಮಾಡಿದ್ದು, ಈಗ ಮಧ್ಯಾಹ್ನ. ನಿಮ್ಮಣ್ಣ ಲೈಬ್ರರಿಗೆ ಹೋಗಿದ್ದಾರೆ.

ನಿನ್ನ ಕಾಗದ ಬಂದ ದಿನ ಅವರು ಊಟ ಮಾಡಲಿಲ್ಲ. ಕಾಗದವನ್ನು ಕಸಕ್ಕೆ ಹಾಕಿದರು. ರಾತ್ರಿ ಎತ್ತಿ ಸುಕ್ಕು ಬಿಡಿಸಿದರು. ಬೆಳಿಗ್ಗೆ ನಿಘಂಟಿನ ಕೆಳಗೆ ಒತ್ತಿಟ್ಟಿದ್ದರು. ಎಫ್ ಹಾಕಿಸಿದ್ದು ಅವರೇ ಅಂತ ನನಗೆ ಅವತ್ತಿಂದಲೂ ಗೊತ್ತು.

ಮಗಳು ಹುಟ್ಟಿ ವಾರವಾಗಿತ್ತು. ನನ್ನಮ್ಮ ತನ್ನ ಊರಾದ ದ್ವೀಪದಿಂದ ಬಾಣಂತಿಯ ಕಡಲಸೊಪ್ಪಿನ ಸಾರು ಪಾತ್ರೆ ತುಂಬಾ ಹೊತ್ತುಕೊಂಡು ಬಂದಳು. ಲಿಫ್ಟಿನ ಬಾಗಿಲು ತೆಗೀತು. ಎದುರಿಗೆ ಗೋಡೆ ಮೇಲೆ ದೊಡ್ಡದಾಗಿ 4. ಅಮ್ಮ ಇಳಿಯಲಿಲ್ಲ. "ಎಳೇ ಮಗೂನ ಸಾವಿನ ಮಹಡೀಲಿ ಇಟ್ಕೊಂಡಿದ್ದೀಯಲ್ಲೋ ಮೇಷ್ಟ್ರೇ, ಓದಿದ್ದೆಲ್ಲಾ ಎಲ್ಲಿಗೆ ಹೋಯ್ತು?" ಅಂತ ಬೈದು ಅದೇ ಲಿಫ್ಟಲ್ಲಿ ಕೆಳಗೆ ಹೋದಳು. ಮೂರು ವಾರ ಹ್ಯೊನ್‌ನ ಗೂಡಿನಲ್ಲಿ ಕೂತಿದ್ದಳು. ಸಾರು ಕಾಯಿಸಿ ಕೊಡೋದು, ಹ್ಯೊನ್ ಮೇಲೆ ತರೋದು. ದಿನಕ್ಕೆ ಮೂರು ಸಲ. ಎಫ್ ಅಂಟಿಸಿದ ದಿನ ಮೇಲೆ ಬಂದು ಮಗೂನ ಎತ್ತಿಕೊಂಡಳು.

ನಿಮ್ಮಣ್ಣ ಹೊಸತನ, ಘನತೆ ಅಂತ ಬರೆದಿದ್ದು ಅತ್ತೆಗೆ ಸೋತೆ ಅಂತ ಬರೆಯೋಕೆ ಆಗದೆ. ನೀನು ಕೈ ಎತ್ತಿದ್ದು ಅದು ಗೊತ್ತಿದ್ದೇ.

ನನಗೆ ಯಾರ ಕ್ಷಮೆಯೂ ಬೇಡ ತಮ್ಮಾ. ಕಡುಬು ಚೆನ್ನಾಗಿತ್ತು. ನನಗೆ ಹೊರಗೆ ಹೋಗಬೇಕು, ಒಳಗೆ ಬರಬೇಕು. ಮೊನ್ನೆ ಗಾಜಿನ ಆಚೆ ನಲವತ್ತು ನಿಮಿಷ ನಿಂತಿದ್ದೆ. ಒಳಗಿಂದ ಎಂಟನೇ ಮಹಡಿಯ ಹೆಂಗಸು ನೋಡಿದಳು. ಮಾರಾಟದವಳು ಅಂದುಕೊಂಡಳೋ ಏನೋ, ಲಿಫ್ಟ್ ಹತ್ತಿದಳು. ಸತ್ತರೆ ಹೀಗೇ ಇರುತ್ತೇನೋ ಅನ್ನಿಸಿತು. ನಾವು ಬಾಗಿಲಲ್ಲೇ ನಿಂತಿರುತ್ತೇವೆ, ನಂಬರು ಮಾತ್ರ ಇರೋಲ್ಲ.

ನೀವಿಬ್ಬರೂ ಕಾಗದ ಬರೆಯುತ್ತಾ ಇರಿ. ಯಾರಾದರೂ ಒಬ್ಬರು ಅಷ್ಟರಲ್ಲಿ ನಾಲ್ಕು ಹಾಕಿಸಿ.

ಬುನ್‌ಹಿ

*

1 ನವೆಂಬರ್ 2023

ಸೊಕ್ಟೆ,

1991ರ ನವೆಂಬರ್ ಹದಿನಾರರಂದು ಈ ಕಟ್ಟಡದ ನಾಲ್ಕನೇ ಮಹಡಿಯನ್ನು ಮೊದಲು ಅಳಿಸಿದವನು ನಾನು. ಮರೆತಿದ್ದೆ ಎಂದರೆ ನೀನು ನಂಬಬಹುದು, ನಾನು ನಂಬುವುದಿಲ್ಲ. ಮೂವತ್ತೆರಡು ವರ್ಷ ಲಿಫ್ಟಿನಲ್ಲಿ ಎಫ್ ಒತ್ತುವಾಗಲೆಲ್ಲ ಇದನ್ನು ಯಾರೋ ಮೂಢರು ಅಂಟಿಸಿದ್ದು ಎಂದುಕೊಂಡೇ ಒತ್ತಿದ್ದೇನೆ. ಊರಿನ ನಡೆಗೆಲ್ಲ ಲೆಕ್ಕ ಇಟ್ಟವನು ನನ್ನ ಪುಟವನ್ನು ಬೇರೆಯವರ ಹೆಸರಿಗೆ ಬರೆದುಕೊಂಡಿದ್ದೆ. ನೀನು ಆರು ತಿಂಗಳು ಆ ಪುಟವನ್ನು ನನ್ನಿಂದ ಮುಚ್ಚಿಟ್ಟು ನನ್ನ ಬೈಗುಳ ತಿಂದೆ. ಅದು ಸ್ನೇಹ ಎಂದು ಗೊತ್ತು. ಸ್ನೇಹವೇ ನಮ್ಮಿಬ್ಬರನ್ನೂ ಕೆಡಿಸಿದ್ದು. 1991ರಲ್ಲೂ ನೀನು ಬಾಯಿ ಬಿಡಲಿಲ್ಲ, ಕೈ ಎತ್ತಿದೆ.

ಇಷ್ಟಕ್ಕೇ ಬಿಡೋಣ ಎಂದು ಬರೆದಿದ್ದೀಯ. ನಿನ್ನೆ ನಾನು ಅಗ್ನಿಶಾಮಕ ಠಾಣೆಗೆ ಹೋಗಿದ್ದೆ. ಕೂರಿಸಿ ಬಾರ್ಲಿ ಟೀ ಕೊಟ್ಟು ಕಡತ ತೆಗೆದು ತೋರಿಸಿದರು. ನಿಮ್ಮ ಪತ್ರದ ಮೇಲಿನ ತಾರೀಕು ಏಪ್ರಿಲ್ ಹದಿನೆಂಟು, ನಿಜ. ಅದರ ಮೇಲೆ ಅವರು ಒತ್ತಿದ ಮುದ್ರೆ ಜೂನ್ ಹನ್ನೆರಡು. ಬುನ್‌ಹಿ ಹೊಸಿಲಲ್ಲಿ ಕೂತು ನಾಲ್ಕು ದಿನವಾದ ಮೇಲೆ.

"ಏಳು ನಿಮಿಷದ ದಾರಿ ಯಜಮಾನ್ರೇ ನಿಮ್ಮ ಆಫೀಸಿಂದ," ಎಂದ ಅಲ್ಲಿದ್ದವ. "ಆ ಕಾಗದ ನಡ್ಕೊಂಡು ಬಂದ್ರೂ ಇಷ್ಟು ಹೊತ್ತಾಗ್ತಿರ್ಲಿಲ್ಲ."

ಸೊಕ್ಟೆ, ಎಫ್ ನನ್ನದು. ಅದನ್ನು ನಿನ್ನ ಮೇಲೆ ಹಾಕುವುದಿಲ್ಲ. ಆದರೆ ನನ್ನ ಎಫ್ ತೋರಿಸಿ ನೀನು ಆ ಐವತ್ತೈದು ದಿನವನ್ನು ಮುಚ್ಚಲು ಬಿಡುವುದಿಲ್ಲ. ಒಂದು ಪುಟದಲ್ಲಿ ಇಬ್ಬರ ಹೆಸರೂ ಇದೆ ಎಂದಮಾತ್ರಕ್ಕೆ ಇನ್ನೊಂದು ಪುಟ ಖಾಲಿಯಾಗುವುದಿಲ್ಲ.

ನಾನು ಮಾಡಿದ್ದನ್ನು ಹೇಳುತ್ತೇನೆ. ನಿನ್ನೆ ಸಂಜೆ ನನ್ನ ಬಾಗಿಲಿನ ಎಫ್ ಕಿತ್ತೆ. ಕೆಳಗೆ ಹಳೆಯ 4 ಹಾಗೇ ಇತ್ತು, ಬಣ್ಣ ಕೂಡ ಮಾಸಿರಲಿಲ್ಲ. ಉಳಿದ ಮೂರು ಮನೆಯವರ ಬಾಗಿಲು ಬಡಿದು, ನಾನೇ ಮಂಡಿಸಿದ್ದು ಎಂದು ಪುಟ ತೋರಿಸಿ, ಬುನ್‌ಹಿಯ ಬೆರಳಿನ ಕಥೆ ಹೇಳಿದೆ. ಇಬ್ಬರು 4 ಆಗಲಿ ಎಂದು ಸಹಿ ಮಾಡಿದರು. 404ರ ಹೆಂಗಸು, "ಮೊದಲು ನೀವೇ ಅಂಟಿಸಿದ್ರಿ, ಈಗ ನೀವೇ ಕೀಳ್ತೀರಿ, ನಾವೇನು ನಿಮ್ಮ ಕ್ಲಾಸಿನ ಮಕ್ಕಳಾ?" ಎಂದರು. ನ್ಯಾಯವಾದ ಮಾತು. ಅವರೂ ಸಹಿ ಮಾಡಿದರು, ಬೈದುಕೊಂಡೇ. ನಾಲ್ಕೂ ಮನೆಯ ಸಹಿ ಇದರ ಜೊತೆಗಿದೆ. ಅರವತ್ತು ಮನೆಯೂ ಮತ್ತೆ ಪಾಸ್‌ವರ್ಡ್ ಕೂರಿಸಿಕೊಳ್ಳಬೇಕಾದರೆ ಕೂರಿಸಿಕೊಳ್ಳಲಿ. ಬೇಕಾದವರ ಬಾಗಿಲಿಗೆ ನಾನೇ ಹೋಗಿ ತೋರಿಸಿಕೊಡುತ್ತೇನೆ.

ನವೆಂಬರ್ ಹದಿನಾರು ಈ ವರ್ಷ ಗುರುವಾರ ಬಂದಿದೆ, ನೀನು ಸ್ಪೀಕರಿನಲ್ಲಿ ಮಾತಾಡುವ ದಿನ. ಅಂದು ಮಕ್ಕಳ ದೊಡ್ಡ ಪರೀಕ್ಷೆ, ಸದ್ದು ಮಾಡಬಾರದು ಎಂಬ ನೆಪ ಬೇಡ; ಸಂಜೆ ಏಳಕ್ಕೆ ಪರೀಕ್ಷೆ ಮುಗಿದಿರುತ್ತದೆ. ನಾನು ಆಫೀಸಿಗೆ ಬಂದು ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ. ಮೊದಲು ನಾನು 1991ರ ಪುಟವನ್ನು ಓದುತ್ತೇನೆ. ಹೊಸತನ, ಘನತೆ ಎಂದು ಬರೆದದ್ದನ್ನೂ, ಅದು ಸುಳ್ಳು ಎಂಬುದನ್ನೂ ಓದುತ್ತೇನೆ. ನನ್ನ ಅತ್ತೆಯ ಸಾರಿನ ವಿಷಯವನ್ನೂ ಹೇಳುತ್ತೇನೆ. ಎಲ್ಲ ಮನೆಯವರೂ ಊಟಕ್ಕೆ ಕೂತಿರುತ್ತಾರೆ, ನಗಲಿ. ಆಮೇಲೆ ಮೈಕು ನಿನ್ನ ಕೈಗೆ.

ಈ ಪತ್ರದ ಪ್ರತಿಯನ್ನು ಲಿಫ್ಟಿನ ಬೋರ್ಡಿಗೆ ಅಂಟಿಸಿದ್ದೇನೆ. ಚೊನ್ ಅಕ್ಕನಿಗೆ ಕಿತ್ತುಹಾಕಲು ಹೇಳಿ ಪ್ರಯೋಜನವಿಲ್ಲ. ಅಂಟಿಸುವಾಗ ಗೋಂದಿನ ಡಬ್ಬ ಹಿಡಿದಿದ್ದವರು ಅವರೇ.

ಅಣ್ಣಾ ಎಂದು ಬರೆದಿದ್ದೀಯ. ಹಾಗಾದರೆ ಅಣ್ಣನಾಗಿ ಕೇಳುತ್ತೇನೆ, ಮೂರನೇ ಕಟ್ಟಡದ ಅರವತ್ತು ಮನೆಯ ಪರವಾಗಿಯೂ ಕೇಳುತ್ತೇನೆ. ಏಪ್ರಿಲ್ ಹದಿನೆಂಟರ ಆ ಪತ್ರ ಜೂನ್ ಹನ್ನೆರಡರವರೆಗೆ ಯಾರ ಮೇಜಿನ ಮೇಲಿತ್ತು? ಅಥವಾ ಅದನ್ನು ಬರೆದದ್ದೇ ಜೂನ್ ಎಂಟರ ನಂತರವೋ? ಹಾಗಿದ್ದರೆ ಹಳೆಯ ತಾರೀಕು ಹಾಕಿದ ಕೈ ಯಾರದು? ಹೆಸರು ಹೇಳು. ನನ್ನ ಅಂಚೆಪೆಟ್ಟಿಗೆಯಲ್ಲಿ ಅಲ್ಲ, ಸ್ಪೀಕರಿನಲ್ಲಿ ಹೇಳು.

ಇನ್‌ಸೊ
ಮನೆ 402